ಗಾಜು ಒರೆಸುವ ಕೆಲಸಕ್ಕೆ ಅಪ್ರೆಂಟಿಸ್ ಹುಡುಗರು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬೆಂಗಳೂರಲ್ಲಿ ಗಾಜು ಒರೆಸುವ ಸಣ್ಣ ಕಂಪನಿ. ಮನೆ ಕಿಟಕಿ, ಶೋರೂಂ, ಅಪಾರ್ಟ್‌ಮೆಂಟ್, ಹೊರವರ್ತುಲ ರಸ್ತೆಯ ಒಂದೆರಡು ಆಫೀಸು ಕಟ್ಟಡ. ನನ್ನನ್ನೂ ಸೇರಿಸಿ 16 ಜನ. ಕೆಲವು ವರ್ಷಗಳಿಂದ ಅಪ್ರೆಂಟಿಸ್ ಹುಡುಗರನ್ನು ತೆಗೆದುಕೊಳ್ಳುತ್ತಿದ್ದೇವೆ. ಇದೇ ಕೆಲಸದಲ್ಲಿರುವ ಬೇರೆ ಮಾಲೀಕರು ಆಗಾಗ ಫೋನ್ ಮಾಡಿ ಕೇಳುತ್ತಾರೆ, ಕೆಲವೊಮ್ಮೆ ಹುಡುಗರ ಮನೆಯವರೂ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಅಪ್ರೆಂಟಿಸ್ ಅಂದರೆ ಕಡಿಮೆ ಸಂಬಳದ ಹೆಲ್ಪರ್ ತಾನೆ?

ಹಾಗಂದುಕೊಂಡಿದ್ದರೆ ದಯವಿಟ್ಟು ಬೇಡ, ಹೆಲ್ಪರನ್ನೇ ಇಟ್ಟುಕೊಳ್ಳಿ. ಹೆಲ್ಪರ್ ಬಕೆಟ್ ಹೊರುತ್ತಾನೆ, ಸಂಜೆ ಕೂಲಿ ತಗೊಂಡು ಹೋಗುತ್ತಾನೆ. ಅಪ್ರೆಂಟಿಸ್ ಕಲಿಯೋಕೆ ಬಂದವನು. 1961ರ ಅಪ್ರೆಂಟಿಸ್ ಕಾಯ್ದೆಯೂ ಅವನನ್ನು ಕೆಲಸಗಾರ ಅನ್ನುವುದಿಲ್ಲ, ಕಲಿಯುವವನು ಅನ್ನುತ್ತದೆ. ಅವನಿಗೆ ಕಲಿಸೋಕೆ ನಿಮ್ಮಲ್ಲಿರುವ ಒಳ್ಳೆಯ ಕೈ ಒಂದು ದಿನಕ್ಕೆ ಎರಡು ಗಂಟೆಯಾದರೂ ನಿಧಾನ ಆಗುತ್ತದೆ. ಮೊದಲ ನಾಲ್ಕು ತಿಂಗಳು ನಷ್ಟವೇ. ಆರನೇ ತಿಂಗಳಿಂದ ಸಮ. ಇದು ನಮ್ಮ ಲೆಕ್ಕ, ನಿಮ್ಮದು ಬೇರೆ ಇರಬಹುದು. ಆದರೆ ಮೊದಲ ತಿಂಗಳಿಂದಲೇ ಲಾಭ ಅಂತ ಯಾರಾದರೂ ಹೇಳಿದರೆ, ಆ ಹುಡುಗ ಅಲ್ಲಿ ಕಲಿಯುತ್ತಿಲ್ಲ ಅಂತಲೇ ಅರ್ಥ.

ನಮ್ಮಲ್ಲಿ ಆರೇಳು ಜನ ಇದ್ದೇವೆ. ನಾವು ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು. 2019ರ ತಿದ್ದುಪಡಿ ಆದಮೇಲೆ ನಾಲ್ಕು ಜನ ಇರುವ ಸಂಸ್ಥೆಯೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಅದು ಕಡ್ಡಾಯ. ಒಟ್ಟು ಜನರ ಶೇ 2.5ರಿಂದ 15ರ ಒಳಗೆ ಇರಬೇಕು, ಗುತ್ತಿಗೆಯವರೂ ಈ ಲೆಕ್ಕಕ್ಕೆ ಸೇರುತ್ತಾರೆ. ನಾವು ಇಬ್ಬರ ಮೇಲೆ ಹೋಗುವುದಿಲ್ಲ. ಮೂರನೆಯವನಿಗೆ ಕಲಿಸೋಕೆ ನಮ್ಮಲ್ಲಿ ಕೈಯೂ ಇಲ್ಲ.

ನೋಂದಣಿ, ಕರಾರು ಎಲ್ಲಾ ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲೇ ಆಗುತ್ತದೆ. ಮೊದಲ ಸಲ ನನಗೆ ಎರಡು ಸಂಜೆ ಹಿಡಿಯಿತು. ಹೆಸರು ಆಧಾರ್‌ನಲ್ಲಿ ಒಂಥರಾ, ಅಂಕಪಟ್ಟಿಯಲ್ಲಿ ಒಂಥರಾ ಇದ್ದರೆ ಅಲ್ಲೇ ನಿಲ್ಲುತ್ತದೆ. ಊರಿಂದ ಬರುವ ಮೊದಲೇ ಅದನ್ನು ಸರಿಮಾಡಿಸಿಕೊಂಡು ಬಾ ಅಂತ ಹುಡುಗನಿಗೆ ಹೇಳಿ.

'ಗಾಜು ಒರೆಸುವುದು' ಅಂತ ಒಂದು ಟ್ರೇಡ್ ಇದೆಯಾ?

ಆ ಹೆಸರಲ್ಲಿ ಹುಡುಕಬೇಡಿ. ಹೌಸ್‌ಕೀಪಿಂಗ್ ಕಡೆಯ ಕೋರ್ಸುಗಳನ್ನು ನೋಡಿ. 2014ರ ತಿದ್ದುಪಡಿಯಲ್ಲಿ ಆಪ್ಷನಲ್ ಟ್ರೇಡ್ ಅಂತ ಬಂತು. ಅಂದರೆ ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೂ ಮಾಲೀಕರೇ ತರಬೇತಿ ರೂಪಿಸಬಹುದು. ನಮ್ಮಂಥವರಿಗೆ ಅನುಕೂಲ ಆಗಿರುವುದು ಅದರಿಂದಲೇ.

ಜರ್ಮನಿಯಲ್ಲಿ ಕಟ್ಟಡ ಸ್ವಚ್ಛತೆಗೆ ಮೂರು ವರ್ಷದ ಅಪ್ರೆಂಟಿಸ್‌ಶಿಪ್ ಇದೆ. ಅದು ಮುಗಿದಮೇಲೆ ಇನ್ನೂ ಓದಿ 'ಮೈಸ್ಟರ್' ಆಗಬಹುದು. ಇದನ್ನು ಹೇಳಿದಾಗಲೆಲ್ಲ ನಮ್ಮ ಹುಡುಗರು ನಗುತ್ತಾರೆ. 'ಒರೆಸೋಕೆ ಮೂರು ವರ್ಷನಾ ಸರ್?' ಅಂತ. ಆರು ತಿಂಗಳಾದಮೇಲೆ ನಗುವುದಿಲ್ಲ.

ತಿಂಗಳಿಗೆ ಎಷ್ಟು ಕೊಡಬೇಕು?

2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಹೀಗಿತ್ತು: ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ ₹5,000, ಎಸ್ಸೆಸ್ಸೆಲ್ಸಿ ಆದವರಿಗೆ ₹6,000, ಪಿಯುಸಿ ಅಥವಾ ಐಟಿಐ ಆದವರಿಗೆ ₹7,000. ದರ ಪರಿಷ್ಕರಣೆ ಆಗುತ್ತಿರುತ್ತದೆ. ಹಾಗಾಗಿ ಕರಾರು ಮಾಡುವ ದಿನ ಪೋರ್ಟಲ್‌ನಲ್ಲಿ ಏನಿದೆಯೋ ಅದನ್ನೇ ಹಿಡಿಯಿರಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಕಾಲು ಭಾಗವನ್ನು, ಹೆಚ್ಚೆಂದರೆ ₹1,500ರವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಆ ದುಡ್ಡು ಈಗ ನೇರ ಹುಡುಗನ ಖಾತೆಗೆ ಹೋಗುತ್ತದೆ, ಖಾತೆಗೆ ಆಧಾರ್ ಜೋಡಣೆ ಆಗಿರಬೇಕು.

ಇದು ಕನಿಷ್ಠ. ಇಷ್ಟೇ ಕೊಡಬೇಕು ಅಂತ ಎಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಕೊಪ್ಪಳದಿಂದ ಬಂದವನಿಗೆ ಆರು ಸಾವಿರ ಕೊಟ್ಟು 'ಬೆಂಗಳೂರಲ್ಲಿ ಬದುಕಪ್ಪಾ' ಅಂದರೆ ಹೇಗೆ? ಪಿಜಿ ಬಾಡಿಗೆಗೇ ಸರಿಹೋಗುತ್ತದೆ. ನಾವು ಗೋಡೌನ್ ಮೇಲೆ ಒಂದು ಕೋಣೆ ಕೊಟ್ಟಿದ್ದೇವೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ನಮ್ಮದು. ಸ್ಟೈಪೆಂಡ್ ಕನಿಷ್ಠಕ್ಕಿಂತ ಮೇಲೆ. ಹಿಂದೆ ಇದ್ಯಾವುದೂ ಇಲ್ಲದೆ ಇಬ್ಬರನ್ನು ಕರೆಸಿದ್ದೆ. ಒಬ್ಬ ಹದಿನೆಂಟು ದಿನ ಇದ್ದ, ಇನ್ನೊಬ್ಬ ಡೆಲಿವರಿ ಕೆಲಸಕ್ಕೆ ಹೋದ. ತಪ್ಪು ಅವರದ್ದಲ್ಲ.

ಪಿಎಫ್, ಇಎಸ್ಐ ಕಟ್ಟಬೇಕಿಲ್ಲ ಅಂತಾರೆ. ಉಳಿತಾಯ ಅಲ್ವಾ?

ಕಾಯ್ದೆಯಡಿ ಕರಾರು ನೋಂದಾಯಿಸಿದ ಅಪ್ರೆಂಟಿಸ್‌ಗೆ ಪಿಎಫ್, ಇಎಸ್ಐ ಅನ್ವಯಿಸುವುದಿಲ್ಲ, ನಿಜ. ಇನ್ನೊಂದು ಮಗ್ಗುಲೂ ನೋಡಿ. ಇಎಸ್ಐ ಇಲ್ಲ ಅಂದರೆ ಅವನು ಬಿದ್ದರೆ ತೋರಿಸೋಕೆ ಕಾರ್ಡೂ ಇಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದು ಅಂತ ಅದೇ ಕಾಯ್ದೆ ಹೇಳುತ್ತದೆ. ಹುಡುಗ ಬಂದ ದಿನವೇ ಅಪಘಾತ ವಿಮೆ ಮಾಡಿಸಿ. ಏಣಿ ಹತ್ತುವ ಕೆಲಸದಲ್ಲಿ ಇದನ್ನು ಮುಂದಕ್ಕೆ ಹಾಕುವ ಧೈರ್ಯ ನನಗಂತೂ ಇಲ್ಲ.

ಎಂಥ ಹುಡುಗರನ್ನು ಆರಿಸುತ್ತೀರಿ?

18 ತುಂಬಿರಬೇಕು. ಕಾಯ್ದೆಯಲ್ಲಿ ಅಪಾಯವಿಲ್ಲದ ಕೆಲಸಕ್ಕೆ 14 ಸಾಕು, ಅಪಾಯದ ಕೆಲಸಕ್ಕೆ 18. ನಮ್ಮದು ಯಾವ ಗುಂಪಿಗೆ ಸೇರುತ್ತದೆ ಅಂತ ಬೇರೆ ಹೇಳಬೇಕಾ?

ಎತ್ತರದ ಭಯ ಇದೆಯಾ ಅಂತ ಕೇಳಬೇಡಿ. ಎಲ್ಲರೂ ಇಲ್ಲ ಅಂತಾರೆ. ನಾನು ಮೂರನೇ ಮಹಡಿಯ ಟೆರೇಸಿಗೆ ಕರೆದುಕೊಂಡು ಹೋಗಿ ಟೀ ಕುಡಿಸುತ್ತೇನೆ. ಸ್ವಲ್ಪ ಭಯ ಇರುವವನು ಗೋಡೆ ಹಿಡಿದು ನೋಡಿ ಒಂದು ಹೆಜ್ಜೆ ಹಿಂದೆ ಬರುತ್ತಾನೆ. ಅವನು ನನಗೆ ಬೇಕು. ಗೋಡೆ ಮೇಲೆ ಕೂತು ಕಾಲು ಇಳಿಬಿಟ್ಟು ಸೆಲ್ಫಿ ತೆಗೆದವನನ್ನು ಅವತ್ತೇ ಬಸ್ ಚಾರ್ಜ್ ಕೊಟ್ಟು ವಾಪಸ್ ಕಳಿಸಿದ್ದೇನೆ.

ಇನ್ನೊಂದು ಪರೀಕ್ಷೆ: ಟೀ ಅಂಗಡಿಯ ಗಾಜಿನ ಲೋಟ ತೋರಿಸಿ 'ಇದರಲ್ಲಿ ಏನು ಕಾಣುತ್ತೆ?' ಅಂತ ಕೇಳುತ್ತೇನೆ. 'ಟೀ' ಅಂದರೂ ತಪ್ಪಿಲ್ಲ. 'ಅಂಚಲ್ಲಿ ಉಪ್ಪಿನ ಕಲೆ ಇದೆ' ಅಂದವನು ಒಬ್ಬನೇ ಒಬ್ಬ, ಸಿಂಧನೂರಿನವನು. ಈಗ ನಮ್ಮ ಸೂಪರ್‌ವೈಸರ್.

ಒರೆಸುವುದನ್ನು ಕಲಿಯೋಕೆ ಒಂದು ವರ್ಷ ಬೇಕಾ?

ಗಿರಾಕಿಗಳೂ ಇದನ್ನೇ ಕೇಳುತ್ತಾರೆ. ಪೇಪರ್ ತಗೊಂಡು ಉಜ್ಜಿದರೆ ಆಯ್ತಪ್ಪ ಅಂತ. ಮನೆಯ ಕನ್ನಡಿಗೆ ಸರಿ. ನಲವತ್ತು ಕಿಟಕಿ ಇರುವ ಮನೆಗೆ ಪೇಪರ್ ಹಿಡಿದು ಹೋಗಿ ನೋಡಿ.

ನಮ್ಮ ಮುಖ್ಯ ಉಪಕರಣ ಸ್ಕ್ವೀಜಿ. ಹುಡುಗರು ವೈಪರ್ ಅಂತಾರೆ. ಹಿಂದೆ ಇದು ಭಾರವಾದ, ಎರಡು ರಬ್ಬರಿನ, ಸಾಲು ಸ್ಕ್ರೂ ಬಿಚ್ಚಿ ರಬ್ಬರ್ ಬದಲಿಸಬೇಕಾದ ವಸ್ತು. ಅಮೆರಿಕದ ಓಕ್ಲೆಂಡ್‌ನಲ್ಲಿ ಗಾಜು ಒರೆಸುತ್ತಿದ್ದ ಎಟ್ಟೋರೆ ಸ್ಟೆಕೋನೆ ಅನ್ನುವ ಇಟಲಿ ಮೂಲದವರು ಹಿತ್ತಾಳೆಯ, ಒಂದೇ ರಬ್ಬರಿನ ಹಗುರ ಸ್ಕ್ವೀಜಿ ಮಾಡಿ 1936ರಲ್ಲಿ ಪೇಟೆಂಟ್ ಪಡೆದರು. ಇವತ್ತು ನಮ್ಮ ಕೈಯಲ್ಲಿರುವುದು ಅದರದೇ ಮರಿಮಕ್ಕಳು. ದಿನವೂ ಗಾಜು ಒರೆಸುತ್ತಿದ್ದವರೇ ಅದನ್ನು ಮಾಡಿದ್ದು ಅಂತ ಹೇಳಿದರೆ ಹುಡುಗರು ಆ ಹಿಡಿಯನ್ನು ಬೇರೆ ಥರ ನೋಡುತ್ತಾರೆ.

ಮೊದಲ ವಾರ ನಮ್ಮ ಗೋಡೌನಿನ ಒಂದೇ ಒಂದು ಗಾಜು. ನಾಲ್ಕು ಅಡಿಗೆ ಮೂರು ಅಡಿ. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ. ಜಾಸ್ತಿ ಹಾಕಿದರೆ ಗೆರೆ ಬೀಳುತ್ತದೆ. ಮಾಪ್‌ನಿಂದ ಪೂರ್ತಿ ನೆನೆಸಬೇಕು, ಮೂಲೆಯನ್ನೂ ಬಿಡದೆ. ಆಮೇಲೆ ಮೇಲಿನ ಅಂಚಲ್ಲಿ ಎರಡು ಬೆರಳಗಲ ಒಣಬಟ್ಟೆಯಿಂದ ಒಣಗಿಸಿ, ಅಲ್ಲಿಂದ ಸ್ಕ್ವೀಜಿ ಶುರು. ಒದ್ದೆ ಅಂಚಿನಿಂದ ಶುರು ಮಾಡಿದರೆ ಅಲ್ಲಿಂದಲೇ ನೀರು ಎಳೆದುಕೊಂಡು ಬರುತ್ತದೆ. ಮೊದಲು ನೇರ ಎಳೆತ: ಮೇಲಿಂದ ಕೆಳಕ್ಕೆ, ಪ್ರತಿ ಸಲ ಹಿಂದಿನ ಪಟ್ಟಿಯ ಮೇಲೆ ಒಂದು ಇಂಚು ಹತ್ತಿಸಿ, ರಬ್ಬರನ್ನು ಪ್ರತಿ ಎಳೆತಕ್ಕೂ ಒರೆಸಿ. ಇದು ಕೈಗೆ ಕೂತಮೇಲೆ ಅಡ್ಡಡ್ಡ ಹಾವಿನ ಹಾಗೆ ಎಳೆಯುವುದು. ಅಲ್ಲಿ ಗುಟ್ಟಿರುವುದು ಮಣಿಕಟ್ಟಿನಲ್ಲಿ. ತಿರುವಿನಲ್ಲಿ ರಬ್ಬರ್ ಗಾಜು ಬಿಡಬಾರದು. ಬಿಟ್ಟರೆ ಅಲ್ಲೊಂದು ಅರ್ಧಚಂದ್ರ ಉಳಿಯುತ್ತದೆ. ಹುಡುಗರು ಅದಕ್ಕೆ 'ಚಂದ್ರ' ಅಂತಲೇ ಹೆಸರಿಟ್ಟಿದ್ದಾರೆ. 'ಇವತ್ತು ಎಷ್ಟು ಚಂದ್ರ?' 'ಏಳು ಸರ್.'

ಕಿವಿಯೂ ಬೇಕು ಈ ಕೆಲಸಕ್ಕೆ. ರಬ್ಬರ್ ಸರಿ ಇದ್ದರೆ ಸದ್ದು ನಯವಾಗಿರುತ್ತದೆ. ಕಿರ್ ಅಂತ ತಡವರಿಸಿದರೆ ಗಾಜು ಒಣಗಿದೆ, ಇಲ್ಲವೇ ರಬ್ಬರಿನ ಅಂಚು ದುಂಡಗಾಗಿದೆ. ಆಗ ರಬ್ಬರ್ ತೆಗೆದು ಮಗುಚಿ ಹಾಕಬೇಕು. ಎರಡೂ ಅಂಚು ಸವೆದಿದ್ದರೆ ಹೊಸದು.

ಬಿಸಿಲಿನ ಲೆಕ್ಕ ಇನ್ನೊಂದು. ಬೆಳಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ್ದು. ಯಾವಾಗಲೂ ನೆರಳಿನ ಹಿಂದೆ ಓಡಬೇಕು. ಕಾದ ಗಾಜಿನ ಮೇಲೆ ನೀರು ನಿಮಿಷದಲ್ಲಿ ಒಣಗುತ್ತದೆ. ನಮ್ಮ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಗ್ಯಾರಂಟಿ.

ನೀರನ್ನಂತೂ ಬೇರೆಯೇ ಪಾಠ ಅಂತ ಕಲಿಸುತ್ತೇವೆ. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಕೊಟ್ಟು ಹೋದ ಸೈಟಿನಲ್ಲೆಲ್ಲ ಅಳೆದು ಪುಸ್ತಕದಲ್ಲಿ ಬರೆಯಲು ಹೇಳುತ್ತೇನೆ. ಕಾವೇರಿ ನೀರು ಬರುವ ಮನೆಯಲ್ಲಿ ಕಡಿಮೆ, ವೈಟ್‌ಫೀಲ್ಡ್ ಕಡೆಯ ಬೋರ್‌ವೆಲ್ಲಿನಲ್ಲಿ 500 ದಾಟಿದ್ದು ಎಷ್ಟೋ ಸಲ. ಎತ್ತರದ ಗಾಜನ್ನು ನೆಲದಿಂದಲೇ ತೊಳೆಯುವ ಉದ್ದ ಕಂಬದ ಬ್ರಷ್ಷಿಗೆ ಆರ್‌ಒ, ಡಿಐ ಅನ್ನುವ, ಉಪ್ಪಿನಂಶ ತೆಗೆಯುವ ಎರಡೂ ಫಿಲ್ಟರ್ ದಾಟಿದ ನೀರು ಬೇಕು, ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು. ಆ ನೀರಿನಲ್ಲಿ ತೊಳೆದರೆ ಒರೆಸುವುದೇ ಬೇಡ, ಹಾಗೇ ಒಣಗಿದರೂ ಕಲೆ ಇಲ್ಲ. ಇದನ್ನು ಮೊದಲ ಸಲ ಕಂಡ ಹುಡುಗನ ಮುಖ ನೋಡಬೇಕು.

ಬ್ಲೇಡ್ ಯಾವಾಗ ಕೈಗೆ ಕೊಡುತ್ತೀರಿ?

ಐದನೇ ತಿಂಗಳಿಗೆ ಮೊದಲು ಇಲ್ಲ. ಇದು ದುಡ್ಡು ಕೊಟ್ಟು ಕಲಿತ ಪಾಠ.

ಸರ್ಜಾಪುರ ಕಡೆ ಒಂದು ಹೊಸ ವಿಲ್ಲಾ. ಗಾಜಿನ ಮೇಲೆಲ್ಲ ಪೇಂಟ್, ಸಿಮೆಂಟ್ ಹನಿ. ಎರಡನೇ ತಿಂಗಳಿನ ಹುಡುಗನಿಗೆ ನಾನೇ ಬ್ಲೇಡ್ ಕೊಟ್ಟು 'ನೆನೆಸಿಕೊಂಡು ಕೆರೆಯಪ್ಪ' ಅಂದು ಇನ್ನೊಂದು ಸೈಟಿಗೆ ಹೋದೆ. ಅವನು ನೆನೆಸಿಯೇ ಕೆರೆದಿದ್ದ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮೂರು ಗಾಜಿನ ತುಂಬ ಕೂದಲೆಳೆಯಂಥ ಗೀರು. ಟಫನ್ಡ್ ಗಾಜು. ಗಟ್ಟಿ ಮಾಡಲು ಅದನ್ನು ಕಾಯಿಸಿ ತಣಿಸುವಾಗ ಕುಲುಮೆಯೊಳಗಿನ ಗಾಜಿನ ಪುಡಿ ಕೆಲವೊಮ್ಮೆ ಮೇಲ್ಮೈಗೆ ಅಂಟಿಕೊಂಡುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬ್ಲೇಡ್ ಅದನ್ನು ಕಿತ್ತು ಗಾಜಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಒದ್ದೆ ಗಾಜನ್ನು ಬೆರಳ ತುದಿಯಿಂದ ಸವರಿದರೆ ಸಣ್ಣ ಮರಳಿನ ಹಾಗೆ ಸಿಗುತ್ತದೆ. ನಾನು ಅದನ್ನು ಕಲಿಸಿರಲಿಲ್ಲ. ಮೂರೂ ಗಾಜಿನ ದುಡ್ಡು ನಾನು ಕೊಟ್ಟೆ. ಹುಡುಗನ ಸ್ಟೈಪೆಂಡ್‌ನಿಂದ ಒಂದು ರೂಪಾಯಿ ಹಿಡಿಯಲಿಲ್ಲ. ನೀವೂ ಹಿಡಿಯಬೇಡಿ. ಹಿಡಿದರೆ ಮುಂದಿನ ಸಲ ಗೀರು ಬಿದ್ದಾಗ ಅವನು ಮುಚ್ಚಿಡುತ್ತಾನೆ.

ಈಗ ಬೆರಳಿಂದ ಸವರುವುದು ಮೊದಲು, ಗಾಜಿನ ಮೂಲೆಯ ಟಫನ್ಡ್ ಮುದ್ರೆ ನೋಡುವುದು ಆಮೇಲೆ. ಗಿರಾಕಿಗೆ ಬರವಣಿಗೆಯಲ್ಲಿ ತಿಳಿಸಿ ಸಹಿ ತಗೊಂಡು ಆಮೇಲೆ ಬ್ಲೇಡ್.

ಆಸಿಡ್ ಬಳಸೋಕೆ ಕಲಿಸುತ್ತೀರಾ?

ಅಪ್ರೆಂಟಿಸ್‌ಗೆ ಇಲ್ಲ. ಅಲ್ಯೂಮಿನಿಯಂ ಫ್ರೇಮ್ ಸುಡುತ್ತದೆ, ಕೆಳಗಿನ ಮಾರ್ಬಲ್ ಹಾಳಾಗುತ್ತದೆ. ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಇರುವ ಫ್ಲೋರೈಡ್ ಆಸಿಡ್ ಚರ್ಮದೊಳಗೆ ಇಳಿಯುತ್ತದೆ, ನೋವು ಗೊತ್ತಾಗುವುದು ತಡವಾಗಿ. ಲೇಬಲ್ ಇಲ್ಲದ ಕ್ಯಾನ್ ಮುಟ್ಟಬಾರದು ಅಂತ ಕಲಿಸುವುದೇ ಆ ಪಾಠ.

'ಸರ, ನಮ್ಮ ಹುಡುಗನ್ನ ಹಗ್ಗಕ್ಕ ಜೋತು ಬಿಡ್ತೀರೇನ್ರಿ?'

ಮಸ್ಕಿಯಿಂದ ಒಬ್ಬ ತಾಯಿ ಫೋನಿನಲ್ಲಿ ಕೇಳಿದ ಪ್ರಶ್ನೆ. ಮೊಬೈಲಿನಲ್ಲಿ ಯಾರೋ ಐಟಿ ಕಂಪನಿಯ ಗಾಜಿಗೆ ನೇತಾಡುವ ವಿಡಿಯೋ ತೋರಿಸಿದ್ದರಂತೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ: ಇಲ್ಲ ತಾಯಿ, ಈ ವರ್ಷ ಹಗ್ಗ ಇಲ್ಲ.

ಮೊದಲ ಮೂರು ತಿಂಗಳು ನೆಲದ ಮೇಲೆ. ಆಮೇಲೆ ಏಣಿ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಗೋಡೆಯಿಂದ ಆಚೆ ಬುಡ ಇರಬೇಕು, ಎರಡು ಕಾಲು ಒಂದು ಕೈ ಯಾವಾಗಲೂ ಏಣಿ ಮೇಲೆ. ಎರಡನೇ ಮಹಡಿ ಮೇಲಿನದಕ್ಕೆ ಕಂಬದ ಬ್ರಷ್, ನೆಲದಿಂದಲೇ. ಹಗ್ಗದ ಕೆಲಸ ಬೇರೆ ವಿದ್ಯೆ. ಅದಕ್ಕೆ ಐರಾಟಾದಂಥ ಸಂಸ್ಥೆಯ ಪ್ರಮಾಣಪತ್ರ ಬೇಕು. ಅದರಲ್ಲಿ ಮೂರು ಹಂತ. ಮೊದಲ ಹಂತದಲ್ಲಿ ಒಂದು ವರ್ಷ, 1,000 ಗಂಟೆ ಹಗ್ಗದ ಮೇಲೆ ಕಳೆದಮೇಲೆ ಎರಡನೆಯದು. ಒಬ್ಬ ಮನುಷ್ಯನಿಗೆ ಎರಡು ಹಗ್ಗ, ಎರಡಕ್ಕೂ ಬೇರೆ ಬೇರೆ ಆಧಾರ. ಪ್ಯಾರಾಪೆಟ್ ಅಂಚಿಗೆ ಹಗ್ಗ ಉಜ್ಜದ ಹಾಗೆ ಕವಚ. ನೇತಾಡುತ್ತಾ ಪ್ರಜ್ಞೆ ತಪ್ಪಿದವನನ್ನು ನಿಮಿಷಗಳಲ್ಲಿ ಇಳಿಸುವ ತಯಾರಿ ಇಲ್ಲದಿದ್ದರೆ ಇಳಿಯಲೇಬಾರದು. ಫೈರ್ ಬ್ರಿಗೇಡ್ ಬರಲಿ ಅಂತ ಕಾಯುವ ಹೊತ್ತು ಇರುವುದಿಲ್ಲ.

ಒಂದೇ ಹಗ್ಗ, ಒಂದು ಹಲಗೆ ಮೇಲೆ ಕೂರಿಸಿ ಹೊಸಬರನ್ನು ಇಳಿಸುವವರನ್ನು ನಗರದಲ್ಲಿ ಕಣ್ಣಾರೆ ಕಂಡಿದ್ದೇನೆ. ಅಂಥ ರೇಟಿಗೆ ನಮ್ಮಲ್ಲಿ ಕೆಲಸ ಇಲ್ಲ ಅಂತ ಮೂರು ಕಟ್ಟಡ ಬಿಟ್ಟಿದ್ದೇನೆ.

ಜೇನು ಇದ್ದರೆ?

ಕೆಲಸ ನಿಲ್ಲಿಸಿ ಕೆಳಗೆ ಬನ್ನಿ. ಎತ್ತರದ ಬಾಲ್ಕನಿ, ಸಜ್ಜಾ ಕೆಳಗೆ ಹೆಜ್ಜೇನು ಕಟ್ಟುವುದು ಬೆಂಗಳೂರಲ್ಲಿ ಮಾಮೂಲು. ಕೆಲಸಕ್ಕೆ ಮೊದಲು ದೂರದಿಂದ ಇಡೀ ಗೋಡೆಯನ್ನು ಒಮ್ಮೆ ನೋಡುವುದು ಅಪ್ರೆಂಟಿಸ್‌ನ ಕೆಲಸ, ಅವನ ಕಣ್ಣು ಎಳೆಯದು. ನೀರು ಹೊಡೆಯುವುದು, ಹೊಗೆ ಹಾಕುವುದು ಮಾಡುವ ಹಾಗೇ ಇಲ್ಲ.

ಗಿರಾಕಿ 'ಕಲಿಯೋ ಹುಡುಗನ್ನ ಕಳಿಸಿದ್ರಾ?' ಅಂತ ತಕರಾರು ಮಾಡಿದರೆ?

ಮೊದಲೇ ಹೇಳಿಬಿಡಿ. 'ಇಬ್ಬರು ಬರುತ್ತಾರೆ ಮೇಡಂ, ಒಬ್ಬ ಕಲಿಯುತ್ತಿದ್ದಾನೆ, ಅವನಿಗೆ ಚಾರ್ಜ್ ಇಲ್ಲ.' ಮುಚ್ಚಿಟ್ಟರೆ ತಾನೆ ಜಗಳ. ನಮ್ಮ ಬಸವನಗುಡಿಯ ಒಬ್ಬ ಅಜ್ಜಿ ಈಗ ಕಲಿಯುವ ಹುಡುಗನೇ ಬೇಕು ಅಂತಾರೆ. ಅವನು ಹೆದರಿ ಹೆದರಿ ಮೂಲೆ ಎಲ್ಲಾ ಒರೆಸುತ್ತಾನಂತೆ, ದೊಡ್ಡವರು ಬಿಟ್ಟುಬಿಡುತ್ತಾರಂತೆ. ಸುಳ್ಳಲ್ಲ.

ಒಂದು ನಿಯಮ: ಅಪ್ರೆಂಟಿಸ್ ಒಬ್ಬನೇ ಯಾರ ಮನೆಗೂ ಹೋಗುವುದಿಲ್ಲ. ಏನಾದರೂ ಕಳೆದುಹೋದರೆ ಮೊದಲು ಬೆರಳು ತೋರಿಸುವುದು ಅವನ ಕಡೆಗೆ.

ಹೆಣ್ಣುಮಕ್ಕಳು ಬರುತ್ತಾರಾ?

ಒಬ್ಬರು ಬಂದಿದ್ದರು, ಶೋರೂಂ ಒಳಗಾಜು ಅವರಷ್ಟು ಚೆನ್ನಾಗಿ ಮಾಡಿದವರಿಲ್ಲ. ವರ್ಷ ಮುಗಿಸಿ ಮದುವೆಯಾಗಿ ಹೊಸಪೇಟೆಗೆ ಹೋದರು. ತೊಂದರೆ ಬಂದದ್ದು ಕೆಲಸದಲ್ಲಲ್ಲ, ಸೈಟುಗಳಲ್ಲಿ ಶೌಚಾಲಯ ಇಲ್ಲದ್ದರಲ್ಲಿ. ಈಗ ಕೊಟೇಶನ್ ಕೊಡುವಾಗಲೇ ಅದನ್ನು ಕೇಳುತ್ತೇವೆ.

ಭಾನುವಾರ, ಓವರ್‌ಟೈಮ್?

ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಕಾಯ್ದೆಯಡಿ ಸರ್ಕಾರ ನೇಮಿಸುವ ಅಧಿಕಾರಿ) ಒಪ್ಪಿಗೆ ಇಲ್ಲದೆ ಅಪ್ರೆಂಟಿಸ್‌ನಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ರಜೆ ನಿಮ್ಮ ಉಳಿದ ಜನರಿಗೆ ಇರುವ ಹಾಗೇ. ಮಾಲ್‌ಗಳ ರಾತ್ರಿ ಕೆಲಸಕ್ಕೆ ನಾವು ಇವರನ್ನು ಕರೆದುಕೊಂಡು ಹೋಗುವುದಿಲ್ಲ. ದೀಪಾವಳಿಗೆ ಮೊದಲ ಹದಿನೈದು ದಿನ ನಮಗೆ ಉಸಿರಾಡೋಕೂ ಪುರಸೊತ್ತಿಲ್ಲ, ಆಗ ಮನಸ್ಸು ಜಾರುತ್ತದೆ. ಆ ಹದಿನೈದು ದಿನಕ್ಕೆ ದಿನಗೂಲಿಯವರನ್ನು ಕರೆಯಿರಿ.

ಮಧ್ಯದಲ್ಲೇ ಬಿಟ್ಟು ಹೋದರೆ?

ಹೋಗುತ್ತಾರೆ. ನೀವೂ 'ನಾಳೆಯಿಂದ ಬರಬೇಡ' ಅನ್ನುವ ಹಾಗಿಲ್ಲ, ಕರಾರು ರದ್ದಿಗೆ ಪೋರ್ಟಲ್‌ನಲ್ಲಿ ಅದರದೇ ದಾರಿ ಇದೆ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಚಾಳಿ ಕೆಲವರಿಗಿದೆ. ಬೇಡ. ಅಂಕಪಟ್ಟಿಗೋಸ್ಕರ ಉಳಿದ ಹುಡುಗ ಏಣಿ ಮೇಲೆ ನಿಂತಾಗ ಅವನ ಮನಸ್ಸೆಲ್ಲಿರುತ್ತದೆ?

ಊರಲ್ಲಿ ಭತ್ತದ ಕೊಯ್ಲು ಬಂದಾಗ ನಾಲ್ಕು ದಿನ ರಜೆ ಕೇಳಿದರೆ ಕೊಡಿ. ಕೊಡದಿದ್ದರೂ ಹೋಗುತ್ತಾರೆ, ವಾಪಸ್ ಬರುವುದಿಲ್ಲ ಅಷ್ಟೇ.

ನಮ್ಮಲ್ಲೇ ಕಲಿತು ಪಕ್ಕದಲ್ಲೇ ಸ್ವಂತ ಶುರು ಮಾಡಿದರೆ?

ನಮ್ಮಲ್ಲಿ ಕಲಿತ ಒಬ್ಬ ಹೆಬ್ಬಾಳದಲ್ಲಿ ಶುರು ಮಾಡಿದ್ದಾನೆ. ನಮ್ಮ ಇಬ್ಬರು ಗಿರಾಕಿಗಳು ಅವನ ಕಡೆ ಹೋದರು. ಮೊದಲ ವಾರ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನಿಗೆ ಆಗದ ದೊಡ್ಡ ಕೆಲಸಗಳನ್ನು ನಮಗೆ ಕಳಿಸತೊಡಗಿದ. ನಮಗೆ ದೂರವಾಗುವ ಯಲಹಂಕದ ಮನೆಗಳನ್ನು ನಾನು ಅವನಿಗೆ ಕೊಡುತ್ತೇನೆ. ಹೋದ ತಿಂಗಳು 'ಎರಡು ದಿನಕ್ಕೆ ಉದ್ದ ಕಂಬ ಕೊಡಿ ಅಣ್ಣ' ಅಂತ ಒಯ್ದ. ಇನ್ನೂ ವಾಪಸ್ ಬಂದಿಲ್ಲ.